ಹಗಲಿನ ಬೆಳಕು, ಇರುಳಿನ ಋಣ

ಸೂರ್ಯನು ಬೆಳಕು ನೀಡುವ ಹೊತ್ತಿನಲ್ಲಿ ನಮಗೆ ದೀಪ ಬೇಕಾಗಿಲ್ಲ. ದೀಪ ಬೇಕಾಗುವ ಹೊತ್ತಿನಲ್ಲಿ ಸೂರ್ಯನಿಲ್ಲ. ಸೌರವಿದ್ಯುತ್ತಿನ ಸಮಸ್ಯೆಯೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ. ಬೆಳಕನ್ನು ವಿದ್ಯುತ್ತಾಗಿ ಪರಿವರ್ತಿಸುವ ವಿದ್ಯೆಯನ್ನು ಮನುಷ್ಯನು ಬಹುಮಟ್ಟಿಗೆ ಕೈವಶ ಮಾಡಿಕೊಂಡಿದ್ದಾನೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದ ಸಿಲಿಕಾನ್ ಕೋಶವು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಫಲಕಗಳು ಶೇಕಡಾ 20ನ್ನು ದಾಟಿವೆ. ಆದರೆ ಹಗಲಿನ ಗಳಿಕೆಯನ್ನು ಇರುಳಿಗೆ ಕಾಯ್ದಿರಿಸುವುದು ಹೇಗೆ, ಆ ಕಾಯ್ದಿರಿಸುವಿಕೆಯ ಬೆಲೆಯನ್ನು ತೆರುವವರು ಯಾರು ಎಂಬ ಎರಡು ಪ್ರಶ್ನೆಗಳು ಉಳಿದುಕೊಂಡಿವೆ. ಮೊದಲನೆಯದು ವಿಜ್ಞಾನಿಗಳಿಗೆ ಸೇರಿದ್ದು. ಎರಡನೆಯದು ನಮ್ಮೆಲ್ಲರಿಗೂ ಸೇರಿದ್ದು. ಈ ವಾರ ಇವೆರಡನ್ನೂ ಓದುಗ ಬಂಧುಗಳೊಂದಿಗೆ ಆಲೋಚಿಸಲು ಬಯಸುತ್ತೇವೆ.

ಸಾಮರ್ಥ್ಯ ಮತ್ತು ಕ್ರಿಯೆ

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಕಲಿಸುವ ಒಂದು ಭೇದವಿದೆ. ಬೀಜದಲ್ಲಿ ಮರವು ಸಾಮರ್ಥ್ಯವಾಗಿ ಇರುತ್ತದೆ. ಬೆಳೆದು ನಿಂತಾಗ ಅದು ವಾಸ್ತವವಾಗುತ್ತದೆ. ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ಮೊದಲನೆಯದನ್ನು 'ಡ್ಯುನಾಮಿಸ್' ಎಂದೂ ಎರಡನೆಯದನ್ನು 'ಎನರ್ಗೇಯ' ಎಂದೂ ಕರೆದನು. ಇಂದು ಜಗತ್ತೆಲ್ಲ ಬಳಸುವ 'ಎನರ್ಜಿ' ಎಂಬ ಪದವು ಹುಟ್ಟಿದ್ದು ಈ ಎರಡನೆಯ ಪದದಿಂದಲೇ. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ಭೇದವನ್ನೇ ತಮ್ಮ ಚಿಂತನೆಯ ಆಧಾರಸ್ತಂಭವನ್ನಾಗಿ ಮಾಡಿಕೊಂಡರು. ಹಳೆಯ ಗ್ರಂಥಗಳ ಈ ವಿಚಾರಕ್ಕೂ ಇಂದಿನ ವಿದ್ಯುತ್ತಿನ ಬಿಲ್ಲಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ.

2025ರ ಜೂನ್ ತಿಂಗಳಲ್ಲಿ ನಮ್ಮ ದೇಶವು ಒಂದು ಮೈಲಿಗಲ್ಲನ್ನು ಮುಟ್ಟಿತು. ದೇಶದಲ್ಲಿ ಸ್ಥಾಪಿತವಾದ ಒಟ್ಟು ವಿದ್ಯುತ್ ಸಾಮರ್ಥ್ಯದ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳನ್ನು ಅವಲಂಬಿಸದ ಮೂಲಗಳದ್ದಾಯಿತು. ಅದೇ ವರ್ಷದ ಆರಂಭದಲ್ಲಿ ಸೌರವಿದ್ಯುತ್ತಿನ ಸಾಮರ್ಥ್ಯವೊಂದೇ 100 ಗಿಗಾವ್ಯಾಟನ್ನು, ಅಂದರೆ ಒಂದು ಲಕ್ಷ ಮೆಗಾವ್ಯಾಟನ್ನು ದಾಟಿತ್ತು. ಇದು ಸಂತೋಷದ ಸಂಗತಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ವರ್ಷವೂ ದೇಶದ ಮನೆಗಳಿಗೂ ಕಾರ್ಖಾನೆಗಳಿಗೂ ನಿಜವಾಗಿ ಹರಿದು ಬಂದ ವಿದ್ಯುತ್ತಿನ ಹೆಚ್ಚುಪಾಲು ಕಲ್ಲಿದ್ದಲಿನಿಂದಲೇ ಬಂದಿತು. ಫಲಕದ ಮೇಲೆ ಬರೆದಿರುವುದು ಸಾಮರ್ಥ್ಯ. ತಂತಿಯಲ್ಲಿ ಹರಿಯುವುದು ಕ್ರಿಯೆ. ಒಂದು ಕಿಲೋವ್ಯಾಟ್ ಫಲಕವು ಇಪ್ಪತ್ತನಾಲ್ಕು ಗಂಟೆ ದುಡಿದರೆ 24 ಯೂನಿಟ್ ಬರಬೇಕು. ನಮ್ಮ ನಾಡಿನ ಬಿಸಿಲಿನಲ್ಲಿ ದಿನವೊಂದಕ್ಕೆ ಸರಾಸರಿ ಬರುವುದು ಸುಮಾರು 4 ಯೂನಿಟ್. ಮಿಕ್ಕ ಹೊತ್ತು ಫಲಕವು ಮೌನವಾಗಿರುತ್ತದೆ. ಆ ಮೌನದ ವೇಳೆಯಲ್ಲಿಯೇ, ಸಂಜೆ ಆರರಿಂದ ಹತ್ತರವರೆಗೆ, ಮನೆಮನೆಯಲ್ಲೂ ದೀಪ, ಫ್ಯಾನು, ದೂರದರ್ಶನ, ಮಿಕ್ಸಿಗಳೆಲ್ಲ ಒಟ್ಟಿಗೆ ಎಚ್ಚರಗೊಳ್ಳುತ್ತವೆ.

ಕೂಡಿಡುವ ಬಗೆಗಳು

ವಿದ್ಯುತ್ತನ್ನು ನೀರಿನಂತೆ ಕೊಡದಲ್ಲಿ ತುಂಬಿಡಲು ಬಾರದು. ಅದನ್ನು ಬೇರೊಂದು ರೂಪಕ್ಕೆ ತಿರುಗಿಸಿ, ಬೇಕಾದಾಗ ಮತ್ತೆ ವಿದ್ಯುತ್ತಾಗಿ ಕರೆದುಕೊಳ್ಳಬೇಕು. ಇದಕ್ಕೆ ಇಂದು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ರಸಾಯನದ ದಾರಿ, ಅಂದರೆ ಬ್ಯಾಟರಿ. 1800ರಲ್ಲಿ ಇಟಲಿಯ ವೋಲ್ಟಾ ಎಂಬ ವಿಜ್ಞಾನಿ ಲೋಹದ ಬಿಲ್ಲೆಗಳ ರಾಶಿಯಿಂದ ವಿದ್ಯುತ್ ಹರಿಸಿ ತೋರಿಸಿದನು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬಾತನು ಮತ್ತೆ ಮತ್ತೆ ತುಂಬಬಹುದಾದ ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ರಚಿಸಿದನು. ನಮ್ಮ ಮನೆಗಳ ಇನ್ವರ್ಟರಿನ ಪಕ್ಕದಲ್ಲಿ ಕುಳಿತು, ಆಗಾಗ ಡಿಸ್ಟಿಲ್ಡ್ ವಾಟರ್ ಬೇಡುವ ಭಾರವಾದ ಪೆಟ್ಟಿಗೆಯು ಅದರ ವಂಶದ್ದೇ. ಲಿಥಿಯಮ್ ಅಯಾನ್ ಬ್ಯಾಟರಿಯು 1991ರಲ್ಲಿ ಮಾರುಕಟ್ಟೆಗೆ ಬಂದಿತು. ಅದಕ್ಕೆ ಅಡಿಪಾಯ ಹಾಕಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದರೊಳಗೆ ಲಿಥಿಯಮ್ಮಿನ ಅತಿ ಸೂಕ್ಷ್ಮ ಕಣಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಹೋಗಿ ಬರುತ್ತವೆ: ಹಗಲಿನಲ್ಲಿ ಸೂರ್ಯನ ಬಲದಿಂದ ಏರುಹಾದಿ, ಇರುಳಿನಲ್ಲಿ ತಾವಾಗಿಯೇ ಇಳಿಹಾದಿ. ಆ ಇಳಿಯುವಿಕೆಯೇ ನಮ್ಮ ದೀಪ. 2010ರಿಂದ ಈಚೆಗೆ ಈ ಬ್ಯಾಟರಿಗಳ ಬೆಲೆ ಸುಮಾರು ಶೇಕಡಾ 90ರಷ್ಟು ಇಳಿದಿದೆ. ಆದುದರಿಂದಲೇ ಕೈಗಡಿಯಾರಕ್ಕೂ ಮೊಬೈಲಿಗೂ ಮೀಸಲಾಗಿದ್ದ ವಸ್ತುವು ಇಂದು ಊರಿಗೆ ಊರನ್ನೇ ಬೆಳಗಿಸಲು ಹೊರಟಿದೆ.

ಉದಾಹರಣೆಗಳು ದೂರದಲ್ಲೂ ಇವೆ, ಹತ್ತಿರದಲ್ಲೂ ಇವೆ. ದಕ್ಷಿಣ ಆಸ್ಟ್ರೇಲಿಯವು 2016ರಲ್ಲಿ ರಾಜ್ಯಕ್ಕೆ ರಾಜ್ಯವೇ ಕತ್ತಲಾದುದನ್ನು ಕಂಡು, ಮರುವರ್ಷವೇ ಹಾರ್ನ್ಸ್‌ಡೇಲ್ ಎಂಬಲ್ಲಿ 100 ಮೆಗಾವ್ಯಾಟ್ ಬ್ಯಾಟರಿಯನ್ನು ಸ್ಥಾಪಿಸಿತು. ಗುಜರಾತಿನ ಮೊಢೇರ ಗ್ರಾಮವು, ಸಾವಿರ ವರ್ಷ ಹಳೆಯ ಸೂರ್ಯದೇವಾಲಯದ ಊರು, 2022ರಲ್ಲಿ ಹಗಲಿರುಳೂ ಸೌರವಿದ್ಯುತ್ತಿನಿಂದ ಬೆಳಗುವ ದೇಶದ ಮೊದಲ ಗ್ರಾಮವೆಂದು ಘೋಷಿತವಾಯಿತು. ಅಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳ ಮಾಳಿಗೆಯ ಮೇಲೆ ಫಲಕಗಳಿವೆ, ಊರ ಹೊರಗೆ 6 ಮೆಗಾವ್ಯಾಟಿನ ಸ್ಥಾವರವಿದೆ, ಜೊತೆಗೆ 15,000 ಯೂನಿಟ್ ಹಿಡಿಯುವ ಬ್ಯಾಟರಿಯಿದೆ. ಛತ್ತೀಸಗಢದ ರಾಜನಂದಗಾಂವ್‌ನಲ್ಲಿ 2024ರಲ್ಲಿ ಉದ್ಘಾಟನೆಗೊಂಡ ಸೌರಸ್ಥಾವರದ ಬ್ಯಾಟರಿಯು 1,20,000 ಯೂನಿಟ್ ಹಿಡಿಯಬಲ್ಲುದು.

ಎರಡನೆಯದು ನೀರಿನ ದಾರಿ. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತುವುದು, ಸಂಜೆ ಅದನ್ನು ಕೆಳಗೆ ಬಿಟ್ಟು ಯಂತ್ರಗಳನ್ನು ತಿರುಗಿಸುವುದು. ಎತ್ತಲು ನೂರು ಯೂನಿಟ್ ವೆಚ್ಚ ಮಾಡಿದರೆ ಮರಳಿ ದೊರೆಯುವುದು ಸುಮಾರು 75ರಿಂದ 80 ಯೂನಿಟ್. ಬ್ಯಾಟರಿಯಲ್ಲಿ ಈ ನಷ್ಟ ಇನ್ನೂ ಕಡಿಮೆ. ಒಟ್ಟಿನಲ್ಲಿ ಕೂಡಿಡುವುದಕ್ಕೆ ಪ್ರಕೃತಿಯು ಎಲ್ಲೆಡೆಯೂ ಒಂದು ಸುಂಕವನ್ನು ವಿಧಿಸಿದೆ.

ಈ ಎರಡೂ ದಾರಿಗಳಿಗೆ ಒಂದು ಮಿತಿಯಿದೆಯೆಂಬುದನ್ನು ಮರೆಯಬಾರದು. ಅವು ಗಂಟೆಗಳ ಕೊರತೆಯನ್ನು ತುಂಬಬಲ್ಲವು, ತಿಂಗಳುಗಳ ಕೊರತೆಯನ್ನಲ್ಲ. ಆಷಾಢದ ಮೋಡ ಕವಿದು ಕರಾವಳಿಯಲ್ಲಿ ವಾರಗಟ್ಟಲೆ ಸೂರ್ಯದರ್ಶನವಾಗದಿದ್ದಾಗ ಬ್ಯಾಟರಿಯು ಬರಿದಾದ ಕಣಜದಂತೆಯೇ. ಅದೃಷ್ಟವಶಾತ್ ಆ ತಿಂಗಳುಗಳಲ್ಲಿಯೇ ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿ ಬಲವಾಗಿ ಬೀಸುತ್ತದೆ. ಬಿಸಿಲು, ಗಾಳಿ, ನೀರು ಈ ಮೂರೂ ಕೂಡಿ ದುಡಿದರೆ ಮಾತ್ರ ವರ್ಷವು ತುಂಬೀತು.

ಋಣದ ಲೆಕ್ಕ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಕರ್ನಾಟಕವು ವಿದ್ಯುತ್ತಿನ ವಿಷಯದಲ್ಲಿ ಹಳೆಯ ಅನುಭವಿ. 1902ರಲ್ಲಿಯೇ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಲು ಮತ್ತೆ ಮೂರು ವರ್ಷ ಬೇಕಾಯಿತು. ವಿದ್ಯುತ್ ಒಂದೆಡೆ ಹುಟ್ಟಿ ಇನ್ನೊಂದೆಡೆ ಬೆಳಗುತ್ತದೆ. ಹುಟ್ಟಿದ ಊರಿಗೆ ಅದರ ಬೆಳಕು ತಡವಾಗಿ ಬರುತ್ತದೆ. ಇದು ಅಂದಿನಿಂದ ಇಂದಿನವರೆಗೆ ನಡೆದು ಬಂದ ರೂಢಿ.

ಶರಾವತಿಯ ಕಥೆಯು ಈ ರೂಢಿಗೆ ಅತ್ಯಂತ ಸ್ಪಷ್ಟವಾದ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ನಾಡು ಬೆಳಗಿತು. ಹೊಲ, ಮನೆ, ತೋಟಗಳು ಮುಳುಗಿ ಸಾವಿರಾರು ಕುಟುಂಬಗಳು ಎದ್ದುಹೋದವು. ಅವರಲ್ಲಿ ಅನೇಕರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ತಕರಾರು ಆರು ದಶಕಗಳಾದರೂ ಬಗೆಹರಿಯಲಿಲ್ಲ. ಹಿನ್ನೀರಿನ ನಡುವೆ ದ್ವೀಪದಂತೆ ಉಳಿದ ತುಮರಿ ಸೀಮೆಯ ಜನರು ಆಸ್ಪತ್ರೆಗೂ ಪೇಟೆಗೂ ಲಾಂಚಿನ ವೇಳೆಯನ್ನು ಕಾಯಬೇಕಾಯಿತು. ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ ತಿಂಗಳಲ್ಲಿ. ನಾಡಿಗೆ ಬೆಳಕು ಕೊಟ್ಟವರಿಗೆ ಒಂದು ಸೇತುವೆಯನ್ನು ಕೊಡಲು ನಮಗೆ ಅರವತ್ತೊಂದು ವರ್ಷ ಹಿಡಿಯಿತು.

ಈಗ ಅದೇ ಕಣಿವೆಯಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರವು ಮುಂದಿಟ್ಟಿದೆ. ಸೌರಶಕ್ತಿಯನ್ನು ಸಂಜೆಗೆ ಕಾಯ್ದಿಡಲು ಇದು ಅಗತ್ಯವೆಂಬುದು ಯೋಜನೆಯ ಪರವಾದ ವಾದ. ಆ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಸ್ಥಳವು ಸಿಂಗಳೀಕಗಳ ಅಭಯಾರಣ್ಯ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಇನ್ನಾವ ಕಾಡಿನಲ್ಲಿಯೂ ಕಾಣಸಿಗದ ಆ ಪ್ರಾಣಿಗಳು ಮರದಿಂದ ಮರಕ್ಕೆ ಸಾಗಿ ಬದುಕುವಂಥವು. ಕಾಡಿನ ಮೇಲ್ಚಾವಣಿಯು ತುಂಡಾದರೆ ಅವುಗಳ ದಾರಿಯೇ ತುಂಡಾಗುತ್ತದೆ. 2025ರಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಕಣಿವೆಯ ಜನರು ತಮ್ಮ ವಿರೋಧವನ್ನು ಸ್ಪಷ್ಟವಾಗಿ ದಾಖಲಿಸಿದರು. ಅವರು ಕೇಳುವ ಒಂದು ಪ್ರಶ್ನೆಯು ನಮಗೂ ನ್ಯಾಯವೆನಿಸುತ್ತದೆ: ಈಗಾಗಲೇ ಇರುವ ಶರಾವತಿ, ಕಾಳಿ, ವಾರಾಹಿ ಜಲಾಶಯಗಳ ನೀರನ್ನು ಹಗಲಿನಲ್ಲಿ ತಡೆದು, ಹಗಲಿಗೆ ಸೂರ್ಯನನ್ನು ದುಡಿಸಿ, ಸಂಜೆಗೆ ಮಾತ್ರ ಬಿಟ್ಟರೆ ಅವೇ ದೊಡ್ಡ ಬ್ಯಾಟರಿಗಳಾಗುವುದಿಲ್ಲವೆ? 2023ರಂತಹ ಬರಗಾಲದಲ್ಲಿ ಈ ಉಪಾಯವೂ ಸಾಲದೆಂಬುದು ನಿಜ. ಆದರೂ ಇದ್ದುದನ್ನು ಪೂರ್ಣವಾಗಿ ಬಳಸಿದ ನಂತರವೇ ಇಲ್ಲದ್ದಕ್ಕಾಗಿ ಕಾಡನ್ನು ಅಗೆಯಲು ಹೊರಡುವುದು ವಿವೇಕದ ಕ್ರಮ.

ತುಮಕೂರು ಜಿಲ್ಲೆಯ ಪಾವಗಡದ ಕಥೆ ಬೇರೆ ಬಗೆಯದು. ಅಲ್ಲಿ ಮುಳುಗಡೆಯಿಲ್ಲ. ಬರಗಾಲವೇ ಬೆಳೆಯಾಗಿದ್ದ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನವು 2018ರಲ್ಲಿ ಆರಂಭವಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಅಲ್ಲಿ ರೈತರ ಭೂಮಿಯನ್ನು ಕಸಿದುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಒಡೆತನವು ರೈತನಲ್ಲಿಯೇ ಉಳಿಯಿತು. ಶೇಂಗಾ ಬಿತ್ತಿ ಮಳೆಗಾಗಿ ಆಕಾಶ ನೋಡುತ್ತಿದ್ದವರಿಗೆ, ಯಾವ ಮೋಡದ ಹಂಗೂ ಇಲ್ಲದೆ ವರ್ಷಕ್ಕೊಮ್ಮೆ ಹಣ ಬರುವುದು ಸಣ್ಣ ಮಾತಲ್ಲ. ಈ ಪದ್ಧತಿಯನ್ನು ನಾವು ಮುಕ್ತಮನಸ್ಸಿನಿಂದ ಪ್ರಶಂಸಿಸುತ್ತೇವೆ.

ಆದರೆ ಲೆಕ್ಕವನ್ನು ಕೊನೆಯವರೆಗೆ ಮಾಡಬೇಕು. ಗುತ್ತಿಗೆಯ ಹಣವು ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರುತ್ತದೆಂಬುದು ಕರಾರು. ಹತ್ತು ವರ್ಷ ಕಳೆದರೂ ಆ 21,000 ರೂಪಾಯಿಯು 27,000ವನ್ನು ಮುಟ್ಟದು. ಅಕ್ಕಿ, ಬೇಳೆ, ಔಷಧಿ, ಶಾಲೆಯ ಶುಲ್ಕಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, ಅದೇ ಸಂಸಾರವನ್ನು ನಡೆಸಲು ಆ ಹೊತ್ತಿಗೆ 34,000 ಬೇಕಾಗುತ್ತದೆ. ಅಂಕಿ ಏರುತ್ತದೆ, ಬೆಲೆ ಇಳಿಯುತ್ತದೆ. ಇನ್ನು ಭೂಮಿಯೇ ಇಲ್ಲದವರ ಪಾಡೇನು? ಪರರ ಹೊಲದಲ್ಲಿ ಕಳೆ ಕಿತ್ತು, ಶೇಂಗಾ ಬಿಡಿಸಿ ಕೂಲಿ ಪಡೆಯುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲ. ಕುರಿ ಮೇಯಿಸುತ್ತಿದ್ದವರಿಗೆ ಬೇಲಿಯೊಳಗೆ ಪ್ರವೇಶವಿಲ್ಲ. ಫಲಕ ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲವು ಕೆಲಸಗಳು ದೊರೆತವಾದರೂ ಅವು ಎಲ್ಲರಿಗೂ ಸಾಲುವಷ್ಟಿಲ್ಲ. ನ್ಯಾಯವು ಪಹಣಿಯಲ್ಲಿ ಹೆಸರಿರುವವನ ಬಳಿ ಬಂದು ನಿಂತುಬಿಟ್ಟರೆ ಅದು ಅರ್ಧನ್ಯಾಯ.

ಈ ಸಂದರ್ಭದಲ್ಲಿ ಜಗದ್ಗುರು ಫ್ರಾನ್ಸಿಸರು 2024ರ ಜೂನ್ ತಿಂಗಳಲ್ಲಿ ಹೊರಡಿಸಿದ 'ಸಹೋದರ ಸೂರ್ಯ' ಎಂಬ ಹೆಸರಿನ ಪತ್ರವನ್ನು ನೆನೆಯಬಹುದು. ರೋಮ್ ನಗರದ ಹೊರವಲಯದ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ವ್ಯಾಟಿಕನ್ನಿಗೆ ಬೇಕಾದ ವಿದ್ಯುತ್ತಿಗಾಗಿ ಸೌರಸ್ಥಾವರವನ್ನು ನಿರ್ಮಿಸಬೇಕೆಂದು ಅವರು ಅದರಲ್ಲಿ ಆದೇಶಿಸಿದರು. ಅದು ಸಾಮಾನ್ಯ ಸ್ಥಾವರವಲ್ಲ. ಫಲಕಗಳೊಂದಿಗೆ ಕೃಷಿಯೂ ಅದೇ ನೆಲದಲ್ಲಿ ನಡೆಯುವಂಥದು. ಫಲಕಗಳನ್ನು ತುಸು ಎತ್ತರಿಸಿ, ಸಾಲುಗಳ ನಡುವೆ ಅಂತರ ಬಿಟ್ಟರೆ ನೆರಳಿಗೆ ಒಗ್ಗುವ ತರಕಾರಿಯನ್ನೋ ಮೇವನ್ನೋ ಬೆಳೆಯಬಹುದು, ಕುರಿಗಳನ್ನು ಬಿಡಬಹುದು. ವೆಚ್ಚ ಸ್ವಲ್ಪ ಹೆಚ್ಚು. ಆದರೆ ಭೂಮಿಯಿಲ್ಲದವನ ದುಡಿಮೆಗೆ ಆಗ ಜಾಗ ಉಳಿಯುತ್ತದೆ.

ಕೂಡಿಡುವ ಪೆಟ್ಟಿಗೆಯ ಒಳಗೂ ಋಣವಿದೆ. ಹಲವು ಬಗೆಯ ಲಿಥಿಯಮ್ ಬ್ಯಾಟರಿಗಳಿಗೆ ಕೋಬಾಲ್ಟ್ ಬೇಕು. ಜಗತ್ತಿನ ಕೋಬಾಲ್ಟಿನ ಬಹುಪಾಲು ಬರುವುದು ಆಫ್ರಿಕದ ಕಾಂಗೋ ದೇಶದಿಂದ. ಅಲ್ಲಿನ ಸಣ್ಣ ಗಣಿಗಳಲ್ಲಿ ಮಕ್ಕಳೂ ಮಣ್ಣು ಹೊರುತ್ತಿದ್ದಾರೆಂಬುದು ಜಗತ್ತಿಗೆ ತಿಳಿದ ಸಂಗತಿ. ಕೋಬಾಲ್ಟ್ ಬೇಡದ ಲಿಥಿಯಮ್ ಐರನ್ ಫಾಸ್ಫೇಟ್ ಬ್ಯಾಟರಿಗಳು ಈಗ ವ್ಯಾಪಕವಾಗಿ ದೊರೆಯುತ್ತಿರುವುದು ಸಮಾಧಾನದ ವಿಷಯ. ಮನೆಗೂ ಸ್ಥಾವರಕ್ಕೂ ಅವೇ ಹೆಚ್ಚು ಸೂಕ್ತ. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲದಲ್ಲಿಯೂ 1,600 ಟನ್ ಲಿಥಿಯಮ್ ಇರುವುದಾಗಿ 2021ರಲ್ಲಿ ಪ್ರಾಥಮಿಕ ಅಂದಾಜು ಬಂದಿತು. ಪ್ರಮಾಣ ಸಣ್ಣದು. ಆದರೂ ಅಗೆಯುವ ದಿನ ಬಂದರೆ ಆ ಊರಿನ ಬಾವಿ, ಹೊಲಗಳ ಲೆಕ್ಕವನ್ನು ಮೊದಲೇ ಬರೆದಿಡಬೇಕು. ಹಳೆಯ ಸೀಸದ ಬ್ಯಾಟರಿಗಳ ವಿಷಯವೂ ಹೀಗೆಯೇ. ಅವುಗಳನ್ನು ಗುಜರಿಯವನಿಗೆ ಕೊಟ್ಟು, ಆತನು ಹಿತ್ತಿಲಲ್ಲಿ ಒಡೆದು ಆಮ್ಲವನ್ನು ಚರಂಡಿಗೆ ಸುರಿದರೆ, ಸೀಸದ ವಿಷ ಸೇರುವುದು ಆ ಬೀದಿಯ ಮಕ್ಕಳ ರಕ್ತಕ್ಕೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆ ತಯಾರಕರದು. ಮಾರಾಟಗಾರನ ಬಳಿಗೇ ಮರಳಿಸುವುದು ನಮ್ಮ ಕರ್ತವ್ಯ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಕಲ್ಲಿದ್ದಲೇ ಲೇಸೆಂದು ಯಾರೂ ಭಾವಿಸಬಾರದು. ಉಡುಪಿ ಜಿಲ್ಲೆಯ ಎಲ್ಲೂರಿನ ಸುತ್ತಲ ಕೃಷಿಕರನ್ನು ಕೇಳಿದರೆ ಹಾರುಬೂದಿಯ ಕಥೆಯನ್ನು ಅವರೇ ಹೇಳಿಯಾರು. ಕಲ್ಲಿದ್ದಲಿನ ಋಣವು ಪ್ರತಿದಿನವೂ ಬೆಳೆಯುವ ಬಡ್ಡಿಯ ಸಾಲ. ಅದನ್ನು ತೀರಿಸಬೇಕಾದವರು ಇನ್ನೂ ಹುಟ್ಟದ ಮಕ್ಕಳು. ಸೂರ್ಯನ ಋಣವಾದರೋ ನ್ಯಾಯದ ಮನಸ್ಸಿದ್ದರೆ ನಮ್ಮ ಕಾಲದಲ್ಲಿಯೇ ತೀರಿಸಬಹುದಾದದ್ದು. ದಾರಿ ಸರಿಯಾದದ್ದೇ, ನಡೆಯುವಾಗ ಯಾರ ಹೊಲವನ್ನು ತುಳಿಯುತ್ತಿದ್ದೇವೆಂಬ ಎಚ್ಚರ ಬೇಕಷ್ಟೆ.

ಮನೆಯಲ್ಲಿ ಮಾಡಬಹುದಾದದ್ದು

ದೊಡ್ಡ ಯೋಜನೆಗಳು ನಮ್ಮ ಕೈಯಲ್ಲಿಲ್ಲ, ಮನೆಯ ಮಾಳಿಗೆ ನಮ್ಮ ಕೈಯಲ್ಲಿದೆ. ಅನೇಕರಿಗೆ ತಿಳಿಯದ ಒಂದು ಮಾತನ್ನು ಇಲ್ಲಿ ಹೇಳಬೇಕು. ಬ್ಯಾಟರಿಯಿಲ್ಲದೆ ವಿದ್ಯುತ್ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರವ್ಯವಸ್ಥೆಯು, ಕರೆಂಟು ಹೋದಾಗ ಹಾಡುಹಗಲಿನಲ್ಲಿಯೂ ನಿಂತುಹೋಗುತ್ತದೆ. ಅದು ದೋಷವಲ್ಲ, ಕಂಬವೇರಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣರಕ್ಷಣೆಗಾಗಿ ಮಾಡಿದ ಏರ್ಪಾಡು. ಕತ್ತಲಿನಲ್ಲಿ ಬೆಳಕೇ ಬೇಕೆಂದರೆ ಬ್ಯಾಟರಿಯೂ ಬೇಕು. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆಯು 3 ಕಿಲೋವ್ಯಾಟಿನವರೆಗಿನ ಮನೆಯ ಫಲಕಗಳಿಗೆ 78,000 ರೂಪಾಯಿಯವರೆಗೆ ಸಹಾಯಧನವನ್ನು ಗೊತ್ತುಪಡಿಸಿತು. ಬ್ಯಾಟರಿಯ ಖರ್ಚನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿಕೊಳ್ಳಬೇಕು.

ಆದರೆ ಬ್ಯಾಟರಿ ಕೊಳ್ಳುವ ಮೊದಲು ನಮ್ಮಲ್ಲಿ ಈಗಾಗಲೇ ಇರುವ ಕಣಜಗಳನ್ನು ಗುರುತಿಸೋಣ. ಮಾಳಿಗೆಯ ಮೇಲಿನ ಸೋಲಾರ್ ವಾಟರ್ ಹೀಟರ್ ಒಂದು ಕಣಜ. ಅದು ಮಧ್ಯಾಹ್ನದ ಬಿಸಿಲನ್ನು ಮರುದಿನ ಬೆಳಗಿನ ಸ್ನಾನಕ್ಕೆ ಕಾಯ್ದಿಡುತ್ತದೆ. ನೀರಿನ ಟ್ಯಾಂಕು ಇನ್ನೊಂದು. ಬಾವಿಯ ಪಂಪನ್ನು ಸಂಜೆಗೆ ಬದಲು ಮಧ್ಯಾಹ್ನ ಓಡಿಸಿದರೆ ಸೂರ್ಯನನ್ನೇ ಟ್ಯಾಂಕಿಗೆ ಏರಿಸಿದಂತೆ. ಶಾಲೆ, ಸಭಾಭವನ, ಕಚೇರಿಗಳು ಬಹುಪಾಲು ಹಗಲಿನಲ್ಲಿಯೇ ವಿದ್ಯುತ್ ಬಳಸುವುದರಿಂದ ಅಲ್ಲಿ ಫಲಕಗಳಿದ್ದರೆ ಬ್ಯಾಟರಿಯ ಅಗತ್ಯವೇ ಅಲ್ಪ. ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳು ಇದನ್ನು ಗಮನಿಸಲಿ.

ಮಿತವ್ಯಯವೂ ಒಂದು ಕಣಜವೇ. 9 ವ್ಯಾಟಿನ ನಾಲ್ಕು ಎಲ್‌ಇಡಿ ದೀಪ, 70 ವ್ಯಾಟಿನ ಎರಡು ಫ್ಯಾನುಗಳನ್ನು ಸಂಜೆ ಐದು ಗಂಟೆ ಕಾಲ ಉರಿಸಿದರೆ ಒಂದು ಯೂನಿಟ್ಟಿಗೆ ತುಸು ಕಡಿಮೆ ಬೇಕು. ಆ ಫ್ಯಾನುಗಳ ಬದಲು 30 ವ್ಯಾಟಿನ ಹೊಸ ಬಗೆಯವನ್ನು ಹಾಕಿದರೆ ಅರ್ಧ ಯೂನಿಟ್ ಸಾಕು. ಅಂದರೆ ಬ್ಯಾಟರಿಯ ಗಾತ್ರವೂ ಬಹುಮಟ್ಟಿಗೆ ಅರ್ಧವಾಯಿತು. ಅಷ್ಟರಮಟ್ಟಿಗೆ ಎಲ್ಲೋ ಒಂದು ಗಣಿಯ ಅಗೆತವೂ ಕಡಿಮೆಯಾಯಿತು.

ಬಡವರಿಗೆ ಇದು ಎಟುಕುವುದೆ ಎಂದು ಕೇಳುವವರಿಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. 1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಸಹಸಂಸ್ಥಾಪಿಸಿದ ಸೆಲ್ಕೋ ಸಂಸ್ಥೆಯು, ಗ್ರಾಮೀಣ ಬ್ಯಾಂಕುಗಳ ಸಾಲದ ನೆರವಿನಿಂದ ಹಳ್ಳಿಯ ಮನೆಗಳಿಗೂ ಬೀದಿ ವ್ಯಾಪಾರಿಗಳಿಗೂ ಒಂದೆರಡು ದೀಪದ ಸೌರವ್ಯವಸ್ಥೆಯನ್ನು ತಲುಪಿಸಿತು. 2011ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಲಭಿಸಿತು. ಅವರು ಕಂಡುಕೊಂಡ ಸತ್ಯ ಸರಳವಾದದ್ದು: ದಿನಗೂಲಿಯವನಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಭಾರವಲ್ಲ. ಹಣ ಅದೇ, ಅದನ್ನು ಕೇಳುವ ವೇಳೆ ಬೇರೆ. ಬಡವನ ಗಳಿಕೆಯ ಲಯವನ್ನು ಅರಿತು ಕಂತನ್ನು ಗೊತ್ತುಪಡಿಸುವುದು ಸಹ ತಂತ್ರಜ್ಞಾನದ ಭಾಗವೇ. ನಮ್ಮ ಸಹಕಾರ ಸಂಘಗಳೂ ಸ್ವಸಹಾಯ ಗುಂಪುಗಳೂ ಮನಸ್ಸು ಮಾಡಿದರೆ ಈ ಕೆಲಸ ಪ್ರತಿಯೊಂದು ಊರಿನಲ್ಲಿಯೂ ಸಾಧ್ಯ.

ಬಿಸಿಲಿಗೆ ಒಡೆಯನಿಲ್ಲ, ಅದು ಬಡವನ ಹಂಚಿನ ಮೇಲೂ ಸಿರಿವಂತನ ತಾರಸಿಯ ಮೇಲೂ ಒಂದೇ ಸಮನೆ ಬೀಳುತ್ತದೆ. ಆದರೆ ಅದನ್ನು ಹಿಡಿಯುವ ಫಲಕಕ್ಕೆ, ಕೂಡಿಡುವ ಪೆಟ್ಟಿಗೆಗೆ, ಅವು ನಿಲ್ಲುವ ನೆಲಕ್ಕೆ ಒಡೆಯರಿದ್ದಾರೆ. ಸಮಾನವಾಗಿ ಬಂದ ಬೆಳಕು ಅಸಮಾನವಾಗುವುದು ಅಲ್ಲಿಯೇ. ಇಂದು ಸಂಜೆ ದೀಪ ಹಾಕುವ ಮುನ್ನ, ಆ ಬೆಳಕು ಯಾರ ನೆಲದಿಂದ, ಯಾವ ಕಣಿವೆಯಿಂದ ಬಂದಿತೆಂದು ಒಂದು ಕ್ಷಣ ನೆನೆಯೋಣ. ಅನಗತ್ಯವಾಗಿ ಉರಿಯುತ್ತಿರುವ ಒಂದು ದೀಪವನ್ನು ಆರಿಸೋಣ. ಋಣ ತೀರಿಸುವ ಕೆಲಸವನ್ನು ಅಷ್ಟರಿಂದಲೇ ಆರಂಭಿಸಬಹುದು.